ಕಾಡಿನ ಲೆಕ್ಕದಲ್ಲಿ ಕಟ್ಟಿದ ಕುಲುಮೆ

ಕಲ್ಲಿದ್ದಲು ಸಿಗದ ನಾಡಿನಲ್ಲಿ ಕಬ್ಬಿಣ ಕರಗಿಸಬೇಕಿತ್ತು. ಕೈಗೆಟಕುತ್ತಿದ್ದುದು ಮಲೆನಾಡಿನ ಮರವೊಂದೇ. ಭದ್ರಾವತಿಯ ನಕ್ಷೆಗಾರರು ನೂರು ವರ್ಷಗಳಲ್ಲಿ ಒಂದಾದ ಮೇಲೊಂದು ಮಿತಿಯನ್ನು ಜಾಣತನದಿಂದ ದಾಟಿದರು. ಪ್ರತಿ ಸಲವೂ ಹೊರೆ ಮತ್ತೊಂದು ಕಣಿವೆಯ ಹೆಗಲೇರಿತು!

2023ರ ಜನವರಿ. ಭದ್ರಾವತಿಯ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆಯ (ವಿಐಎಸ್‌ಎಲ್) ಮುಂದೆ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತಿದ್ದರು. ಬೆನ್ನ ಹಿಂದೆ ಹೊಗೆಯಾಡದ ಚಿಮಣಿಗಳು, ಎದುರಿಗೆ ಊರಿನ ರಸ್ತೆ, ಕೈಯಲ್ಲಿ ‘ವಿಐಎಸ್‌ಎಲ್ ಉಳಿಸಿ’ ಎಂಬ ಫಲಕ.

ಕಾರ್ಖಾನೆ ಶುರುವಾದದ್ದು 1923ರ ಜನವರಿ 18ರಂದು. ಅಂದರೆ ಧರಣಿಯ ಆ ತಿಂಗಳು ಶತಮಾನೋತ್ಸವದ ತಿಂಗಳು. ಅದೇ ತಿಂಗಳಲ್ಲಿ, ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಭಾರತೀಯ ಉಕ್ಕು ಪ್ರಾಧಿಕಾರದಿಂದ ಹೊರಬಿತ್ತು. ನಷ್ಟ, ಹಳೆಯ ಯಂತ್ರಗಳು, ಸ್ವಂತ ಅದಿರು ಗಣಿ ಇಲ್ಲದಿರುವುದು ಎಂಬ ಕಾರಣಗಳು ಪತ್ರಿಕೆಗಳಲ್ಲಿ ಬಂದವು. ಅವೆಲ್ಲ ನಿಜವೇ. ಆದರೆ ಈ ಕಾರ್ಖಾನೆ ಹುಟ್ಟಿದ ದಿನದಿಂದಲೂ ಎದುರಿಸುತ್ತ ಬಂದ ಪ್ರಶ್ನೆ ಬೇರೊಂದಿದೆ. ಸುತ್ತಲಿನ ಕಾಡು, ನೀರು, ನೆಲ ಎಷ್ಟು ಕೊಡಬಲ್ಲವೋ ಅಷ್ಟರೊಳಗೆ ಒಂದು ಕೈಗಾರಿಕೆಯನ್ನು ಕಟ್ಟುವುದು ಹೇಗೆ?

ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದಂದು ನಾವು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಕನ್ನಂಬಾಡಿ ಕಟ್ಟೆಯನ್ನು ನೆನೆಯುತ್ತೇವೆ. ಭದ್ರಾವತಿಯ ಕುಲುಮೆಯ ನಕ್ಷೆಯನ್ನೂ ಆ ದಿನ ಬಿಡಿಸಿ ನೋಡಬೇಕು. ವಿನ್ಯಾಸ ಎಂಬ ಕೆಲಸ ಎಷ್ಟು ಕಠಿಣ ಎಂಬುದು ಅಲ್ಲಿ ಕಾಣುತ್ತದೆ.

ಮರವೇ ಇಂಧನ

ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು. ಸುಣ್ಣದ ಕಲ್ಲು ಹತ್ತಿರದಲ್ಲೇ ಸಿಗುತ್ತಿತ್ತು. ಭದ್ರೆಯಲ್ಲಿ ನೀರಿತ್ತು. ಕಲ್ಲಿದ್ದಲು ಮಾತ್ರ ಮೈಸೂರು ಸಂಸ್ಥಾನದಲ್ಲಿ ಎಲ್ಲೂ ಇರಲಿಲ್ಲ. ಕುಲುಮೆಗೆ ಒಗ್ಗುವ, ಕಲ್ಲಿದ್ದಲಿನಿಂದ ಮಾಡುವ ಕೋಕ್ ಬೇಕೆಂದರೆ ಸಾವಿರ ಕಿಲೊಮೀಟರಿಗೂ ಆಚೆಯ ಝರಿಯಾ ಗಣಿಗಳಿಂದ ರೈಲಿನಲ್ಲಿ ತರಬೇಕು.

1915–16ರಲ್ಲಿ ಪ್ರಾಥಮಿಕ ಶೋಧ ನಡೆಯಿತು. ಟಾಟಾ ಉಕ್ಕಿನ ಕಾರ್ಖಾನೆಗೆ ಸಲಹೆಗಾರರಾಗಿದ್ದ ಸಿ.ಪಿ. ಪೆರಿನ್ ಅವರ ನ್ಯೂಯಾರ್ಕಿನ ‘ಪೆರಿನ್ ಅಂಡ್ ಮಾರ್ಷಲ್’ ಕಂಪನಿಗೆ ವರದಿಯ ಹೊಣೆ ಸಿಕ್ಕಿತು. ಕಟ್ಟಿಗೆಯ ಇದ್ದಿಲಿನಿಂದಲೇ ಕಬ್ಬಿಣ ಕರಗಿಸಿ ಎಂದು ವರದಿ ಸೂಚಿಸಿತು. ಬೆಂಕಿಪುರ ಎಂಬ ಊರು ಭದ್ರಾವತಿಯಾಯಿತು. ದಿನಕ್ಕೆ 60 ಟನ್ ಬೀಡುಕಬ್ಬಿಣ ಕೊಡುವ ಊದುಕುಲುಮೆಯ ಯೋಜನೆ ಸಿದ್ಧವಾಯಿತು.

ಇದ್ದಿಲಿನ ಕಬ್ಬಿಣ ಉತ್ತಮ ಕಬ್ಬಿಣ. ಕೋಕ್‌ನಲ್ಲಿರುವಷ್ಟು ಗಂಧಕ ಇದ್ದಿಲಿನಲ್ಲಿ ಇರುವುದಿಲ್ಲ. ಆದರೆ ಇದ್ದಿಲು ಮೆದು. ಕುಲುಮೆಯನ್ನು ಬಹಳ ಎತ್ತರ ಕಟ್ಟಿದರೆ ಮೇಲಿನ ಅದಿರಿನ ಭಾರಕ್ಕೆ ಕೆಳಗಿನ ಇದ್ದಿಲು ಪುಡಿಯಾಗಿ ಗಾಳಿಯ ದಾರಿ ಕಟ್ಟಿಹೋಗುತ್ತದೆ. ಹಾಗಾಗಿ ಇದ್ದಿಲಿನ ಕುಲುಮೆ ಒಂದು ಅಳತೆಗಿಂತ ದೊಡ್ಡದಾಗಲಾರದು. ‘ಇಷ್ಟು ಸಾಕು’ ಎಂದು ವಸ್ತುವೇ ವಿನ್ಯಾಸಕನ ಕೈ ಹಿಡಿಯುತ್ತದೆ. ನನಗೆ ಈ ಸಂಗತಿ ಬಹಳ ಮುಖ್ಯ ಅನ್ನಿಸುತ್ತದೆ. ಕಾಡಿನ ಪಕ್ಕದ ಕಾರ್ಖಾನೆಗೆ ಇಂಥದೊಂದು ಕಡಿವಾಣ ಮೊದಲ ನಕ್ಷೆಯಲ್ಲೇ ಇತ್ತು.

ಕಡಿವಾಣ ಹಾಕಿಕೊಂಡ ಕುಲುಮೆಯ ಹಸಿವೂ ಸಣ್ಣದಲ್ಲ. ಒಂದು ಟನ್ ಕಬ್ಬಿಣಕ್ಕೆ ಸುಮಾರು ಒಂದು ಟನ್ ಇದ್ದಿಲು, ಒಂದು ಟನ್ ಇದ್ದಿಲಿಗೆ ಸುಮಾರು ನಾಲ್ಕು ಟನ್ ಸೌದೆ ಎಂದು ಹಿಡಿಯೋಣ. ದಿನಕ್ಕೆ 60 ಟನ್ ಕಬ್ಬಿಣವೆಂದರೆ 240 ಟನ್ ಸೌದೆ. ವರ್ಷಕ್ಕೆ 300 ದಿನ ಕುಲುಮೆ ಉರಿದರೆ 72 ಸಾವಿರ ಟನ್. ಕಾಡು ಹೆಕ್ಟೇರಿಗೆ ವರ್ಷಕ್ಕೆ ಮೂರು ಟನ್ ಸೌದೆ ಬೆಳೆಯುತ್ತದೆ ಎಂದುಕೊಂಡರೆ, ಬೆಳೆದಷ್ಟನ್ನೇ ಕಡಿಯಲು 24 ಸಾವಿರ ಹೆಕ್ಟೇರ್ ಕಾಡು ಈ ಒಂದೇ ಕುಲುಮೆಯ ಹೆಸರಿಗೆ ಇರಬೇಕು.

ಹೊಗೆಯನ್ನೂ ಹಿಡಿದ ನಕ್ಷೆ

ಹಳ್ಳಿಯಲ್ಲಿ ಇದ್ದಿಲು ಸುಡುವವರು ಸೌದೆಯನ್ನು ಗೂಡು ಕಟ್ಟಿ, ಮಣ್ಣು ಮೆತ್ತಿ, ಒಳಗೆ ಕಿಚ್ಚಿಡುತ್ತಾರೆ. ಮರದೊಳಗಿನ ಅರ್ಧಕ್ಕಿಂತ ಹೆಚ್ಚು ಸತ್ವ ಹೊಗೆಯಾಗಿ ಹೋಗುತ್ತದೆ. ಭದ್ರಾವತಿಯ ಕಾರ್ಖಾನೆಯ ವಿನ್ಯಾಸಕರು ಇದನ್ನು ಒಪ್ಪಲಿಲ್ಲ. ಕುಲುಮೆಯ ಜೊತೆಗೇ ಮರವನ್ನು ಭಟ್ಟಿ ಇಳಿಸುವ ದೊಡ್ಡ ಘಟಕವನ್ನು ಯೋಜಿಸಿದರು. ಸೌದೆಯನ್ನು ಗಾಳಿಯಾಡದ ಉಕ್ಕಿನ ಪಾತ್ರೆಗಳಲ್ಲಿ ಕಾಯಿಸುವುದು, ಹೊರಬರುವ ಆವಿಯನ್ನು ತಣಿಸಿ ಹಿಡಿಯುವುದು. ಇದ್ದಿಲು ಕುಲುಮೆಗೆ ಹೋಗುತ್ತದೆ. ಆವಿಯಿಂದ ಮರದ ಸ್ಪಿರಿಟ್ (ಮೆಥನಾಲ್), ಸುಣ್ಣದ ಅಸಿಟೇಟ್, ಟಾರ್ ಸಿಗುತ್ತವೆ.

ಕಡಿದ ಮರಕ್ಕೆ ಪೂರ್ತಿ ಬೆಲೆ ತೆಗೆಯಬೇಕೆಂಬ ಈ ಹಟವನ್ನು ನಾನು ಮನಸಾರೆ ಮೆಚ್ಚುತ್ತೇನೆ. ‘ತ್ಯಾಜ್ಯವಿಲ್ಲದ ಉತ್ಪಾದನೆ’ ಎಂದು ಇಂದು ವಿನ್ಯಾಸ ಶಾಲೆಗಳಲ್ಲಿ ಕಲಿಸುವ ಪಾಠವನ್ನು ಬೆಂಕಿಪುರದಲ್ಲಿ ನೂರು ವರ್ಷದ ಹಿಂದೆಯೇ ಉಕ್ಕು ಇಟ್ಟಿಗೆಗಳಲ್ಲಿ ಕಟ್ಟಿದ್ದರು.

ಆದರೆ ಕಾಲ ಕೈಕೊಟ್ಟಿತು. ಸುಣ್ಣದ ಅಸಿಟೇಟಿಗೆ ಮೊದಲ ಮಹಾಯುದ್ಧದಲ್ಲಿ ಭಾರಿ ಬೇಡಿಕೆಯಿತ್ತು. ಅದರಿಂದ ಬರುವ ಅಸಿಟೋನ್ ಸಿಡಿಮದ್ದಿನ ತಯಾರಿಕೆಗೆ ಬೇಕಿತ್ತು. ಕಾರ್ಖಾನೆ ಏಳುವ ಹೊತ್ತಿಗೆ ಯುದ್ಧ ಮುಗಿದಿತ್ತು, ಕಬ್ಬಿಣದ ಬೆಲೆಯೂ ಕುಸಿದಿತ್ತು. ಭದ್ರಾವತಿಯ ಕುಲುಮೆ ಹೊತ್ತಿಕೊಂಡ 1923ರಲ್ಲೇ ಜರ್ಮನಿಯಲ್ಲಿ ಮರವೇ ಬೇಡದ ಕೃತಕ ಮೆಥನಾಲ್ ತಯಾರಿಕೆ ಆರಂಭವಾಯಿತು. ಮರದ ಸ್ಪಿರಿಟಿನ ಮಾರುಕಟ್ಟೆ ಕರಗತೊಡಗಿತು.

ದಿವಾನಗಿರಿ ಬಿಟ್ಟು ನಾಲ್ಕೈದು ವರ್ಷವಾಗಿದ್ದ ವಿಶ್ವೇಶ್ವರಯ್ಯನವರನ್ನು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಸರ್ಕಾರ ಕರೆಸಿಕೊಂಡದ್ದು ಈ ಸಂಕಟದಲ್ಲೇ. ಖರ್ಚು ಹಿಡಿದು, ಸ್ಥಳೀಯರನ್ನು ತರಬೇತುಗೊಳಿಸಿ, ಕಾರ್ಖಾನೆಯನ್ನು ಅವರು 1929ರವರೆಗೆ ನಡೆಸಿದರು.

[ಬಾಕ್ಸ್] ಕುಲುಮೆಯಲ್ಲಿ ಇದ್ದಿಲಿಗೆ ಎರಡು ಕೆಲಸ
ಒಂದು, ಉರಿಯುವುದು. ಅದಿರು ಕರಗಲು ಬೇಕಾದ ಕಾವು ಕೊಡುವುದು. ಎರಡು, ಅದಿರಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡ ಆಮ್ಲಜನಕವನ್ನು ಕಿತ್ತು ಬಿಡಿಸುವುದು. ಮೊದಲ ಕೆಲಸವನ್ನು ವಿದ್ಯುತ್ತಿಗೆ ವಹಿಸಬಹುದು. ಎರಡನೆಯದಕ್ಕೆ ಇಂಗಾಲವೋ ಜಲಜನಕವೋ ಬೇಕೇ ಬೇಕು. ಇಂಗ್ಲೆಂಡಿನಲ್ಲಿ ಅಬ್ರಹಾಂ ಡಾರ್ಬಿ 1709ರಲ್ಲಿ ಇದ್ದಿಲಿನ ಬದಲು ಕೋಕ್ ಬಳಸಿ ಕಬ್ಬಿಣ ಕರಗಿಸಿದ. ಕಬ್ಬಿಣದ ಕೈಗಾರಿಕೆಗೆ ಕಾಡಿನ ಮಿತಿ ಅಲ್ಲಿಂದ ಸಡಿಲವಾಯಿತು, ಕಲ್ಲಿದ್ದಲಿನ ಯುಗ ತೆರೆಯಿತು.

ಬೆಟ್ಟದಿಂದ ಕಣಿವೆಗೆ

ಅತ್ತ ಕಾಡಿನಲ್ಲಿ ಕೂಪುಗಳು ಬಿದ್ದವು. ಮಲೆನಾಡಿನಲ್ಲಿ ಮರ ಕಡಿಯಲು ಗುರುತು ಮಾಡಿದ ತುಂಡು ಕಾಡಿಗೆ ಇಂದಿಗೂ ಕೂಪು ಎಂದೇ ಹೆಸರು. ಒಂದು ವರ್ಷ ಒಂದು ಕೂಪು ಕಡಿಯುವುದು, ಅದು ಚಿಗುರಿ ಮತ್ತೆ ಕಾಡಾಗುವಷ್ಟರಲ್ಲಿ ಉಳಿದ ಕೂಪುಗಳ ಸುತ್ತು ಮುಗಿಸಿ ಅಲ್ಲಿಗೆ ಮರಳುವುದು: ಕಾಗದದ ಮೇಲೆ ಲೆಕ್ಕ ಚೊಕ್ಕ. ನೆಲದ ಮೇಲೆ ಚಿಗುರನ್ನು ದನ ಮೇಯುತ್ತವೆ, ಬೇಸಿಗೆಯ ಕಿಚ್ಚು ಸುಡುತ್ತದೆ, ಮತ್ತಿ-ಹೊನ್ನೆ ಇದ್ದಲ್ಲಿ ತೇಗವೊಂದನ್ನೇ ಸಾಲಾಗಿ ನೆಟ್ಟರೆ ಜಾಗ ಹಸಿರಾಗಿರುತ್ತದೆ, ಹಳೆಯ ಕಾಡು ಮಾತ್ರ ಮರಳುವುದಿಲ್ಲ.

ಮರದ ಹೊರೆ ಇಳಿಸುವ ದಾರಿ ಶರಾವತಿಯಲ್ಲಿ ಕಂಡಿತು. 1948ರಲ್ಲಿ ಜೋಗದ ಜಲವಿದ್ಯುದಾಗಾರ ಕೆಲಸ ಆರಂಭಿಸಿತು. 1952ರಲ್ಲಿ ಭದ್ರಾವತಿಗೆ ನಾರ್ವೆ ಮಾದರಿಯ ಎರಡು ವಿದ್ಯುತ್ ಕುಲುಮೆಗಳು ಬಂದವು. ಅದಿರಿನಿಂದ ಬೀಡುಕಬ್ಬಿಣ ತೆಗೆಯಲು ದೇಶದಲ್ಲಿ ಮೊದಲ ಬಾರಿ ವಿದ್ಯುತ್ ಬಳಸಿದ ಹಿರಿಮೆ ಭದ್ರಾವತಿಯದು. ಕಾವಿನ ಕೆಲಸ ಕರೆಂಟಿಗೆ ಹೋಯಿತು. ಇದ್ದಿಲಿಗೆ ಆಮ್ಲಜನಕ ಬಿಡಿಸುವ ಕೆಲಸವಷ್ಟೇ ಉಳಿಯಿತು. ಒಂದು ಟನ್ ಕಬ್ಬಿಣಕ್ಕೆ ಬೇಕಾದ ಇದ್ದಿಲು ಅರ್ಧಕ್ಕೂ ಕೆಳಗಿಳಿಯಿತು.

ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಸೊಗಸಾದ ಉತ್ತರ. ಆದರೆ ವಿದ್ಯುತ್ತಿನ ದಾಹ ಕುಲುಮೆ ಒಂದರದ್ದೇ ಆಗಿರಲಿಲ್ಲ. ನಾಡಿಗೆಲ್ಲ ಬೆಳಕು ಬೇಕಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಿತು. ಸಾಗರ, ಹೊಸನಗರ ಸೀಮೆಯ ಗದ್ದೆ, ತೋಟ, ಮನೆ, ದೇವಸ್ಥಾನಗಳು ನೀರಿನಡಿ ಸೇರಿದವು. ಮುಳುಗಡೆಯಾದವರನ್ನು ಶಿವಮೊಗ್ಗ ಸುತ್ತಲಿನ ಕಾಡು ಜಾಗಗಳಿಗೆ ತಂದು ಇಳಿಸಿದರು. ಆ ಜಾಗದ ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳು ಇವತ್ತಿಗೂ ಮೆರವಣಿಗೆ ಹೊರಡುತ್ತಾರೆ. ಭದ್ರೆಯ ದಂಡೆಯ ಮರ ಉಳಿಸಿದ ನಕ್ಷೆಯ ಇನ್ನೊಂದು ಅಂಚು ಶರಾವತಿಯ ದಂಡೆಯಲ್ಲಿತ್ತು. ಅದನ್ನು ಒಂದೇ ಹಾಳೆಯ ಮೇಲೆ ಯಾರೂ ಬರೆದಿರಲಿಲ್ಲ.

ಮುಂದೆ ವಿದ್ಯುತ್ ಕಡಿತದ ದಶಕಗಳು ಬಂದವು. ಕರೆಂಟನ್ನು ನಂಬಿದ ಕುಲುಮೆಗಳು ಸೊರಗಿದವು. ಕೊನೆಗೆ ಭದ್ರಾವತಿಯೂ ದೂರದ ಕೋಕ್‌ಗೆ ಶರಣಾಯಿತು. ಮೊದಲ ನಕ್ಷೆ ಯಾವುದನ್ನು ಬೇಡವೆಂದಿತ್ತೋ ಅದೇ ಕೊನೆಯ ಆಸರೆಯಾಯಿತು.

ಮುಳ್ಳಿಗೂ ಒಂದು ಕೆಲಸವಿತ್ತು

ಅದೇ ಊರಿನ ಇನ್ನೊಂದು ಕಾರ್ಖಾನೆಯ ಕತೆ ಇನ್ನೂ ತೀಕ್ಷ್ಣ. ಮೈಸೂರು ಕಾಗದ ಕಾರ್ಖಾನೆ, ಊರವರ ಬಾಯಲ್ಲಿ ಎಂಪಿಎಂ, ಸ್ಥಾಪನೆಯಾದದ್ದು 1936ರಲ್ಲಿ. 1977ರಲ್ಲಿ ಸರ್ಕಾರಿ ಕಂಪನಿಯಾಗಿ, ಆಮೇಲೆ ಪತ್ರಿಕಾ ಕಾಗದಕ್ಕೆ ಹೆಸರಾಯಿತು. ಒಂದು ಕಾಲದಲ್ಲಿ ಕನ್ನಡದ ಓದುಗ ಬೆಳಗ್ಗೆ ಬಿಚ್ಚುತ್ತಿದ್ದ ಪುಟದಲ್ಲಿ ಭದ್ರೆಯ ನೀರೂ ಮಲೆನಾಡಿನ ಬಿದಿರೂ ಇದ್ದವು.

ಕಾಗದಕ್ಕೆ ಮೊದಲ ಆಯ್ಕೆ ಬಿದಿರು. ಬೇಗ ಬೆಳೆಯುತ್ತದೆ, ನಾರು ಉದ್ದ, ಕಡಿದರೆ ಮತ್ತೆ ಚಿಗುರುತ್ತದೆ. ಕರ್ನಾಟಕದ ಕಾಗದ ಕಾರ್ಖಾನೆಗಳಿಗೆ ಅದು ಪುಕ್ಕಟೆ ಎನ್ನುವಷ್ಟು ಅಗ್ಗಕ್ಕೆ ಸಿಕ್ಕಿತು. ದಾಂಡೇಲಿಯ ಕಾರ್ಖಾನೆಗೆ 1950ರ ದಶಕದ ಕೊನೆಯಲ್ಲಿ ಗೊತ್ತಾದ ದರ ಟನ್ನಿಗೆ ಒಂದೂವರೆ ರೂಪಾಯಿ. ಅದೇ ಬಿದಿರಿಗೆ ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ನೂರಾರು ಪಟ್ಟು ತೆರುತ್ತಿದ್ದರು. ಇಷ್ಟು ಅಗ್ಗವಾದದ್ದನ್ನು ಲೆಕ್ಕ ಹಾಕಿ ಬಳಸುವ ದರ್ದು ವಿನ್ಯಾಸಕನಿಗೆ ಬರುವುದಾದರೂ ಎಲ್ಲಿಂದ?

ಬಿದಿರು ಏಕೆ ಕಡಿಮೆಯಾಗುತ್ತಿದೆ ಎಂಬುದನ್ನು 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ತಂಡ ಉತ್ತರ ಕನ್ನಡದ ಕಾಡಿನಲ್ಲಿ ಶೋಧಿಸಿತು. ಬಿದಿರ ಮೆಳೆಯ ಬುಡದಲ್ಲಿ ದಟ್ಟ ಮುಳ್ಳಿನ ಹೊದಿಕೆ ಇರುತ್ತದೆ. ಗಳ ಕಡಿಯಲು ಅದು ಅಡ್ಡಿ. ಮೆಳೆಯನ್ನು ಹಸನು ಮಾಡಿದರೆ ಬಿದಿರು ಚೆನ್ನಾಗಿ ಬರುತ್ತದೆ ಎಂದುಕೊಂಡು ಆ ಮುಳ್ಳನ್ನು ಸವರಿ ತೆಗೆಯುತ್ತಿದ್ದರು. ಫಲ ತದ್ವಿರುದ್ಧ. ಮಳೆಗಾಲದಲ್ಲಿ ಮೇಲೇಳುವ ಎಳೆ ಕಳಲೆಯನ್ನು ದನವೂ ಕಾಡುಪ್ರಾಣಿಗಳೂ ತಿಂದು ಮುಗಿಸಿದವು. ಮುಳ್ಳು ಕಳಲೆಯ ಬೇಲಿಯಾಗಿತ್ತು. ಇದು ಕಾಡಂಚಿನ ಹಳ್ಳಿಗರಿಗೆ ಮೊದಲೇ ಗೊತ್ತಿತ್ತು. ಅವರನ್ನು ಕೇಳಿರಲಿಲ್ಲ, ಅಷ್ಟೇ.

[ಬಾಕ್ಸ್] ಬಿದಿರಿನ ಗಡಿಯಾರ
ನಮ್ಮ ಕಾಡಿನ ಹೆಬ್ಬಿದಿರು ಸುಮಾರು ನಾಲ್ಕು ದಶಕಕ್ಕೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು, ಅಕ್ಕಿ ಸುರಿಸಿ, ಸಾಯುತ್ತದೆ. ಬೀಜದಿಂದ ಎದ್ದ ಹೊಸ ಮೆಳೆ ಕಡಿಯುವಷ್ಟು ಬಲಿಯಲು ಹತ್ತಾರು ವರ್ಷ ಬೇಕು. ದಿನವೂ ತಿರುಗುವ ಕಾಗದದ ಯಂತ್ರಕ್ಕೆ ಅಷ್ಟು ಕಾಯುವ ವ್ಯವಧಾನವಿಲ್ಲ.

ಬಿದಿರು ಮುಗಿಯುತ್ತ ಬಂದಾಗ ನೀಲಗಿರಿ, ಅಕೇಶಿಯಾ ಬಂದವು. ಸಕ್ಕರೆ ಘಟಕವೊಂದನ್ನು ಜೋಡಿಸಿ ಕಬ್ಬಿನ ಸಿಪ್ಪೆಯನ್ನೂ ಕಾಗದಕ್ಕೆ ಬಳಸಿದ್ದು ಎಂಪಿಎಂನ ಬುದ್ಧಿವಂತ ಹೆಜ್ಜೆ. ಆದರೆ ಮರದ ಮೇಲಿನ ಅವಲಂಬನೆ ತಪ್ಪಲಿಲ್ಲ. 1980ರಲ್ಲಿ ಮಲೆನಾಡಿನ 20 ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಅರಣ್ಯಭೂಮಿ 40 ವರ್ಷಕ್ಕೆ ನೆಡುತೋಪುಗಳ ಗುತ್ತಿಗೆಗೆ ಹೋಯಿತು. ಮೇಲೆ ಹಾಕಿದ ಕುಲುಮೆಯ ಲೆಕ್ಕ 24 ಸಾವಿರ ಹೆಕ್ಟೇರಿಗೆ ನಿಂತಿತ್ತು ಎಂಬುದನ್ನು ಗಮನಿಸಿ. ಈ ಪ್ರಮಾಣದ ಕಾರ್ಖಾನೆ ಯಾವುದೇ ಇರಲಿ, ಅದಕ್ಕೆ ಬೇಕಾಗುವ ನೆಲ ಹೆಚ್ಚುಕಡಿಮೆ ಒಂದು ಹೋಬಳಿಯಷ್ಟು.

ಆ ದಶಕದಲ್ಲೇ ರಾಜ್ಯದಲ್ಲಿ ದೊಡ್ಡ ಪ್ರತಿರೋಧ ಎದ್ದಿತು. ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಗೆ ಮರ ಬೆಳೆಯಲು 1984ರಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಸಾಮುದಾಯಿಕ ಭೂಮಿ ಕೊಟ್ಟದ್ದನ್ನು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ವಿರೋಧಿಸಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೊಕದ್ದಮೆಗೆ ಹೆಗಲು ಕೊಟ್ಟರು. 1987ರ ನವೆಂಬರ್ 14ರಂದು ಕುಸನೂರು ಎಂಬ ಹಳ್ಳಿಯಲ್ಲಿ ರೈತರು ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ನೆಟ್ಟರು. ಅದು ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ. 1991ರಲ್ಲಿ ಆ ಕಂಪನಿಯನ್ನು ವಿಸರ್ಜಿಸಲಾಯಿತು.

ಎಂಪಿಎಂ ಯಂತ್ರಗಳು 2015ರ ಸುಮಾರಿಗೆ ನಿಂತವು. ಕಾಗದ ಬರುವುದು ನಿಂತಿತು, ಅಕೇಶಿಯಾ ನಿಲ್ಲಲಿಲ್ಲ. 2020ರಲ್ಲಿ ಗುತ್ತಿಗೆ ಮುಗಿದಾಗ ಅದನ್ನು ಮತ್ತೆ 40 ವರ್ಷಕ್ಕೆ ಮುಂದುವರಿಸಲು ಸರ್ಕಾರ ಹೊರಟಿತು. ಯಂತ್ರವೇ ತಿರುಗದ ಕಾರ್ಖಾನೆಗೆ ಅರಣ್ಯಭೂಮಿ ಯಾಕೆ ಎಂದು ಕೇಳುತ್ತ ಶಿವಮೊಗ್ಗದ ಪರಿಸರಾಸಕ್ತರು ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಊರೂರು ಸುತ್ತಿದರು. ಅವರ ಪ್ರಶ್ನೆಯಲ್ಲಿ ನ್ಯಾಯವಿದೆ. ಆ ನೆಲ ಸಹಜ ಕಾಡಾಗಲು ಬಿಡಬೇಕು ಎಂಬುದೇ ನನ್ನ ಅಭಿಪ್ರಾಯ ಕೂಡ.

ಹಳೆಯ ನಕ್ಷೆಗೆ ಹೊಸ ಹೆಸರು

ಈಗ ಜಗತ್ತಿನ ಉಕ್ಕಿನ ಉದ್ಯಮ ಕಲ್ಲಿದ್ದಲನ್ನು ಬಿಡಲು ದಾರಿ ಹುಡುಕುತ್ತಿದೆ. ಬ್ರೆಜಿಲ್‌ನಲ್ಲಿ ನೀಲಗಿರಿ ತೋಪುಗಳ ಇದ್ದಿಲಿನಿಂದ ಇಂದಿಗೂ ದೊಡ್ಡ ಪ್ರಮಾಣದಲ್ಲಿ ಬೀಡುಕಬ್ಬಿಣ ತಯಾರಾಗುತ್ತದೆ. ‘ಹಸಿರು ಉಕ್ಕಿ’ನ ಚರ್ಚೆಗಳಲ್ಲಿ ಜೈವಿಕ ಇದ್ದಿಲಿಗೂ ಜಾಗ ಸಿಕ್ಕಿದೆ. ಮರ ಬೆಳೆಯುವಾಗ ಹೀರಿದ ಇಂಗಾಲವೇ ಕುಲುಮೆಯಲ್ಲಿ ಹೊರಬರುವುದರಿಂದ ಲೆಕ್ಕ ಸರಿಹೋಗುತ್ತದೆ ಎಂಬುದು ವಾದ. ಕಡಿದ ಕಾಡು ಅಷ್ಟೇ ವೇಗದಲ್ಲಿ ಮತ್ತೆ ಬೆಳೆದರೆ ಮಾತ್ರ ಆ ವಾದ ನಿಲ್ಲುತ್ತದೆ.

ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ 2024ರಲ್ಲಿ ಭದ್ರಾವತಿಗೆ ಬಂದು ಪುನಶ್ಚೇತನದ ಭರವಸೆ ಕೊಟ್ಟರು. ಕೆಲಸ ಕಳೆದುಕೊಂಡವರ ಮನೆಗಳಿಗಾಗಿ ಕಾರ್ಖಾನೆ ಮತ್ತೆ ಉಸಿರಾಡಲೇಬೇಕು. ಹೊಸ ನಕ್ಷೆ ಬರೆಯುವವರು ಎಷ್ಟು ಟನ್ ಉತ್ಪಾದನೆ ಎಂದು ಮೊದಲು ನಿರ್ಧರಿಸಿ, ಆಮೇಲೆ ಅದಿರು, ಇಂಧನ, ನೀರು ಎಲ್ಲಿಂದ ಎಂದು ಹುಡುಕಲು ಹೊರಡಬಾರದು. ಹಳೆಯ ಗುಜರಿ ಕಬ್ಬಿಣವನ್ನು ಕರಗಿಸಿ ವಿಶೇಷ ಉಕ್ಕು ಮಾಡುವ ದಾರಿಯೂ ಇದೆ. ಅದಕ್ಕೆ ಗಣಿಯೂ ಬೇಡ, ಇದ್ದಿಲೂ ಬಹುಮಟ್ಟಿಗೆ ಬೇಡ.

ಉದುರಿದ ಹಾಳೆ

ಭದ್ರಾವತಿಯಿಂದ ಇಪ್ಪತ್ತು ಕಿಲೊಮೀಟರಿನಾಚೆ, ತುಂಗೆಯ ದಂಡೆಯ ಶಿವಮೊಗ್ಗದಲ್ಲಿ ಇದೇ ಹೊಯ್ದಾಟದ ಸಣ್ಣ ರೂಪವೊಂದು ನಡೆಯುತ್ತಿದೆ. ಇಲ್ಲಿ ಕಚ್ಚಾವಸ್ತು ಅಡಿಕೆ ಹಾಳೆ.

ಅಡಿಕೆ ಮರ ವರ್ಷಕ್ಕೆ ಐದಾರು ಸೋಗೆಯನ್ನು ತಾನೇ ಉದುರಿಸುತ್ತದೆ. ಸೋಗೆಯ ಬುಡದ ಹಾಳೆ ಮಲೆನಾಡಿನಲ್ಲಿ ಎಂದೂ ಕಸವಾಗಿರಲಿಲ್ಲ. ಕೊಳೆ ರೋಗದಿಂದ ಕಾಯಿ ಉಳಿಸಲು ಮಳೆಗಾಲಕ್ಕೆ ಮೊದಲು ಕೊನೆಗಾರರು ಅದರ ಕೊಟ್ಟೆಯನ್ನೇ ಗೊನೆಗೆ ಕಟ್ಟುತ್ತಿದ್ದರು. ಟೊಪ್ಪಿಯಾಗುತ್ತಿತ್ತು, ದನಕ್ಕೆ ಮೇವಾಗುತ್ತಿತ್ತು, ಮರದ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಹಾಳೆಯನ್ನು ನೀರಲ್ಲಿ ನೆನೆಸಿ, ಉಜ್ಜಿ ತೊಳೆದು, ಕಾದ ಅಚ್ಚಿನಲ್ಲಿ ಒತ್ತಿದರೆ ಕೆಲವೇ ಕ್ಷಣದಲ್ಲಿ ತಟ್ಟೆ. ಅಂಟು ಬೇಡ, ಬಣ್ಣ ಬೇಡ. 2016ರಲ್ಲಿ ರಾಜ್ಯದಲ್ಲೂ 2022ರ ಜುಲೈನಲ್ಲಿ ದೇಶದಲ್ಲೂ ಪ್ಲಾಸ್ಟಿಕ್ ತಟ್ಟೆ-ಲೋಟಗಳಿಗೆ ನಿಷೇಧ ಬಂದಾಗ ಹಾಳೆ ತಟ್ಟೆಗೆ ಬೆಲೆ ಬಂತು. ಜಿಲ್ಲೆಯ ಘಟಕಗಳಿಂದ ಹೊರದೇಶಕ್ಕೂ ಹೋಯಿತು.

ಇಲ್ಲಿ ವಿನ್ಯಾಸಕನ ಕೆಲಸವೆಲ್ಲ ಅಚ್ಚಿನಲ್ಲಿದೆ. ಒಂದೊಂದು ಹಾಳೆಯ ಅಗಲ, ದಪ್ಪ, ಬಾಗು ಒಂದೊಂದು ಥರ. ಅಗಲ ಕಡಿಮೆಯಾದ ಹಾಳೆಯಲ್ಲಿ ಊಟದ ತಟ್ಟೆ ಬಾರದು, ದೊನ್ನೆ ಬಂದೀತು. ಅಚ್ಚನ್ನು ಸರಿಯಾಗಿ ಜೋಡಿಸಿದರೆ ತಟ್ಟೆ ಕತ್ತರಿಸಿದ ಅಂಚಿನಲ್ಲೇ ಒಂದು ಚಿಕ್ಕ ಬಟ್ಟಲು ಸಿಗುತ್ತದೆ. ಹಾಳೆ ಒಣಗುವುದು ಬೇಸಿಗೆಯಲ್ಲಿ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ವರ್ಷದ ದಾಸ್ತಾನನ್ನು ನಾಲ್ಕೈದು ತಿಂಗಳಲ್ಲೇ ಕೂಡಿಡಬೇಕು.

ಮೇಲ್ನೋಟಕ್ಕೆ ಇದಕ್ಕಿಂತ ನಿರಪಾಯದ ವಸ್ತುವಿಲ್ಲ. ಆದರೂ ಹಾಳೆಯ ಹಿಂದೆ ಮರವಿದೆ, ಮರದ ಹಿಂದೆ ತೋಟವಿದೆ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ತೋಟಕ್ಕೆ ಬೇಸಿಗೆಯಲ್ಲೂ ನೀರು ಬೇಕು, ಅದಕ್ಕೆ ಬೋರ್‌ವೆಲ್ ಬೇಕು. ಹಾಳೆ ಹೊರಗೆ ಮಾರಾಟವಾದಷ್ಟೂ ಮರದ ಬುಡಕ್ಕೆ ಬೀಳುವ ಗೊಬ್ಬರ ಕಡಿಮೆ.

2025ರ ಮೇ ತಿಂಗಳಲ್ಲಿ ಇನ್ನೊಂದು ಗಡಿ ಎದುರಾಯಿತು. ಹಾಳೆಯಲ್ಲಿರುವ ಅಡಿಕೆಯ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹಾಳೆ ತಟ್ಟೆಗಳನ್ನು ಬಳಸಬಾರದೆಂದಿತು. ರಫ್ತನ್ನೇ ನಂಬಿದ್ದ ಘಟಕಗಳಿಗೆ ಇದು ಸಿಡಿಲಿನಂಥ ಸುದ್ದಿ.

ಇದನ್ನು ಪ್ಲಾಸ್ಟಿಕ್ ಲಾಬಿಯ ಪಿತೂರಿ ಎಂದು ತಳ್ಳಿಹಾಕುವುದು ಸುಲಭ. ಹಾಗೆ ಮಾಡಬಾರದು. ಬಿಸಿ ಸಾರು ಎಷ್ಟು ಹೊತ್ತು ತಟ್ಟೆಯಲ್ಲಿದ್ದರೆ ಏನು ಇಳಿಯುತ್ತದೆ, ನೆನೆಸುವ ನೀರನ್ನು ಎಷ್ಟು ಸಲ ಬದಲಿಸಿದರೆ ಅದು ಎಷ್ಟು ತಗ್ಗುತ್ತದೆ, ಅಚ್ಚಿನ ಕಾವು ಏರಿಸಿದರೆ ಏನಾಗುತ್ತದೆ ಎಂಬುದನ್ನು ಅಳೆದು ನೋಡಬಹುದು. ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ ಇದೆ, ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಘಟಕ ನಡೆಸುವ ಹೆಣ್ಣುಮಕ್ಕಳು ಸಾಲ ಮಾಡಿ ಯಂತ್ರ ಕೊಂಡಿದ್ದಾರೆ. ಪರೀಕ್ಷೆಯ ಖರ್ಚನ್ನು ಅವರ ಮೇಲೆ ಹೇರದೆ ಸರ್ಕಾರವೇ ಭರಿಸಲಿ. ಫಲಿತಾಂಶ ಏನೇ ಬರಲಿ, ಕನ್ನಡದಲ್ಲಿ ಪ್ರಕಟವಾಗಲಿ. ಬಿಸಿ ಊಟಕ್ಕೆ ಬೇಡ, ಒಣ ತಿಂಡಿಗೆ ಮಾತ್ರ ಸಾಕು ಎಂದು ತಿಳಿದರೆ ಅಚ್ಚು ಬದಲಿಸಲು ಇವರಿಗೆ ಒಂದು ಬೇಸಿಗೆಯ ಅವಧಿ ಸಾಕು.